ಆರಿದ್ರಾ ಮಳೆ ಮತ್ತು ಮೆಣಸಿನ ಹೆಸರು

ಫ್ರೆಂಚರಲ್ಲಿ ‘ಟೆರ್ವಾರ್’ ಎಂಬ ಮಾತೊಂದಿದೆ. ಮಣ್ಣು, ಇಳಿಜಾರು, ಮಳೆ, ಬಿಸಿಲು, ಬೆಳೆಗಾರನ ರೂಢಿ ಇವೆಲ್ಲ ಕೂಡಿ ಬೆಳೆಗೆ ಕೊಡುವ ವಿಶಿಷ್ಟ ಗುಣವೆಂದು ಅದರ ಅರ್ಥ. ನಾವು ‘ನೆಲಗುಣ’ ಎನ್ನಬಹುದು. ಬರ್ಗಂಡಿ ಸೀಮೆಯ ಹೆಸರಾಂತ ಕೆಂಪು ವೈನ್‌ಗಳೆಲ್ಲ ಬಹುಮಟ್ಟಿಗೆ ಪಿನೊ ನ್ವಾರ್ ಎಂಬ ಒಂದೇ ದ್ರಾಕ್ಷಿಯವು. ಆದರೂ ಇಳಿಜಾರಿನ ನಡುವಣ ಸುಣ್ಣಕಲ್ಲಿನ ನೆಲದ ರುಚಿ ಬೇರೆ, ಕೆಳಗಿನ ಜೇಡಿಮಣ್ಣಿನದು ಬೇರೆ ಎಂದು ಗುರುತಿಸಿದ ಅಲ್ಲಿನವರು ಸಣ್ಣ ಸಣ್ಣ ತಾಕುಗಳಿಗೂ ಹೆಸರಿಟ್ಟರು. 2015ರಲ್ಲಿ ಯುನೆಸ್ಕೊ ಆ ತಾಕುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದ್ರಾಕ್ಷಿಗೆ ದೊರೆತ ಈ ಗೌರವ ನಮ್ಮ ಕರಾವಳಿಯ ಕರಿಮೆಣಸಿಗೆ ಏಕೆ ದೊರೆಯಲಿಲ್ಲ? ಕೇರಳದಲ್ಲಿ ನೆಲೆಸಿದ ಕನ್ನಡಿಗರು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ನೆಲಗುಣದ ಅರಿವು ಇಲ್ಲಿ ಇರಲಿಲ್ಲವೆಂದಲ್ಲ. ಪೋರ್ಚುಗೀಸರು ಮೆಣಸಿನ ಬಳ್ಳಿಯನ್ನೇ ಒಯ್ಯುತ್ತಿದ್ದಾರೆಂಬ ದೂರು ಬಂದಾಗ, ಬಳ್ಳಿಯನ್ನು ಒಯ್ಯಬಹುದು, ನಮ್ಮ ತಿರುವಾದಿರ ಞಾಟ್ಟುವೇಲವನ್ನು ಒಯ್ಯಲಾರರು ಎಂಬ ಉತ್ತರ ಕಲ್ಲಿಕೋಟೆಯ ಸಾಮೂದಿರಿಯ ಆಸ್ಥಾನದಲ್ಲಿ ಹೊರಟಿತೆಂದು ಮಲೆಯಾಳಿಗಳಲ್ಲಿ ಐತಿಹ್ಯವಿದೆ. ಆ ತಿರುವಾದಿರವೇ ನಮ್ಮ ಆರಿದ್ರಾ ಮಳೆ. ಜೂನ್ ಕೊನೆಯ ಆ ದಿನಗಳ ಸಣ್ಣ ಹನಿ ಮೆಣಸಿನ ಹೂಗೊನೆಯ ಮೇಲೆ ಜಾರುತ್ತ ಪರಾಗವನ್ನು ಹರಡಲು ನೆರವಾಗುತ್ತದೆ. ಐತಿಹ್ಯದ ಒಳಗೆ ಕೃಷಿಯ ತಿಳಿವಳಿಕೆಯೇ ಇದೆ.

ಆದರೆ ಬಂದರುಗಳ ಲೆಕ್ಕವೇ ಬೇರೆ. 1500ರ ಕೊನೆಗೆ ಕಬ್ರಾಲ್ ಕಲ್ಲಿಕೋಟೆಯಲ್ಲಿ ಕಾದಾಡಿ ಕೊಚ್ಚಿಗೆ ಬಂದು ಹಡಗಿಗೆ ಮೆಣಸು ತುಂಬಿಸಿದ. 1503ರಲ್ಲಿ ಅಲ್ಲಿ ಪೋರ್ಚುಗೀಸರ ಕೋಟೆ ಎದ್ದಿತು. 1663ರಲ್ಲಿ ಡಚ್ಚರು ಅದನ್ನು ಕಿತ್ತುಕೊಂಡರು. ತಿರುವನಂತಪುರದ ಉತ್ತರಕ್ಕಿರುವ ಅಂಜುತೆಂಗಿನಲ್ಲಿ ಇಂಗ್ಲಿಷರು 1690ರ ದಶಕದಲ್ಲಿ ಕೋಟೆ ಕಟ್ಟಿದ್ದೂ ಮೆಣಸಿಗಾಗಿಯೇ. 1741ರಲ್ಲಿ ಕೊಳಚ್ಚಲಿನಲ್ಲಿ ಡಚ್ಚರನ್ನು ಸೋಲಿಸಿದ ತಿರುವಾಂಕೂರಿನ ಮಾರ್ತಾಂಡವರ್ಮ ಮೆಣಸಿನ ವ್ಯಾಪಾರವನ್ನು ರಾಜ್ಯದ ಏಕಸ್ವಾಮ್ಯವಾಗಿಸಿದ. ಇವರೆಲ್ಲರೂ ಖಂಡಿಗಳ ಲೆಕ್ಕದಲ್ಲಿ ಮೆಣಸನ್ನು ತೂಗಿದರು. ಅದು ಯಾವ ಬೆಟ್ಟದ್ದು, ಯಾವ ತೋಟದ್ದು ಎಂಬುದು ತಕ್ಕಡಿಗೆ ಬೇಕಿರಲಿಲ್ಲ. ಉಗ್ರಾಣದಲ್ಲಿ ಎಲ್ಲ ಮೆಣಸೂ ಒಂದೇ ರಾಶಿಯಾಯಿತು.

ಹೀಗಾಗಿ ವೈನ್ ಹೊಲದ ಹೆಸರನ್ನು ಹೊತ್ತರೆ ಮೆಣಸು ಬಂದರಿನ ಹೆಸರನ್ನು ಹೊತ್ತಿತು. ‘ತಲಶ್ಶೇರಿ ಮೆಣಸು’ ಎಂಬ ಹೆಸರಿನ ಗತಿಯನ್ನೇ ನೋಡಿ: ವ್ಯಾಪಾರದಲ್ಲಿ ಇಂದು ಅದು ಮುಖ್ಯವಾಗಿ ಕಾಳಿನ ಗಾತ್ರವನ್ನು ಸೂಚಿಸುವ ದರ್ಜೆ. ಊರಿನ ಹೆಸರು ಜರಡಿಯ ಕಣ್ಣಿನ ಅಳತೆಯಾಗಿ ಉಳಿದಿದೆ.

ಬೆಳೆಗಾರರು ಮಾತ್ರ ತಮ್ಮ ಹೆಸರುಗಳನ್ನು ಬಿಡಲಿಲ್ಲ. ದಕ್ಷಿಣ ಕೇರಳದಲ್ಲಿ ಕೊಟ್ಟನಾಡನ್, ವಯನಾಡಿನ ಎತ್ತರದಲ್ಲಿ ಐಂಪಿರಿಯನ್, ಉತ್ತರ ಕನ್ನಡದಲ್ಲಿ ಮಲ್ಲಿಗೆಸರ; ಒಂದೊಂದೂ ಒಂದೊಂದು ನೆಲಕ್ಕೆ ಒಗ್ಗಿದ ತಳಿ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ಸೊಪ್ಪಿನ ಬೆಟ್ಟದ ಗೊಬ್ಬರದಲ್ಲಿ ಬೆಳೆದರೆ, ಕೊಡಗಿನದು ಕಾಫಿ ತೋಟದ ನೆರಳುಮರವನ್ನು ಅಪ್ಪಿ ಏರುತ್ತದೆ. ಕಾಳಿನ ಖಾರ ಪೈಪರೀನ್‌ನಿಂದ, ಪರಿಮಳ ಆವಿಯಾಗುವ ತೈಲಗಳಿಂದ. ತಳಿ, ನೆಲ, ಕೊಯ್ಲಿನ ಹದಕ್ಕೆ ತಕ್ಕಂತೆ ಎರಡರ ಪ್ರಮಾಣವೂ ಬದಲಾಗುತ್ತದೆ.

ಈ ಮರೆವಿನ ನೋವು ನಮ್ಮದೂ ಹೌದು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ರಾಣಿಗೆ ಮೆಣಸಿನ ಹೆಸರು ಬಂತು. ಮೆಣಸಿಗೆ ಗೇರುಸೊಪ್ಪೆಯ ಹೆಸರು ಬರಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ಮೆಣಸಿನ ಇಳುವರಿ ಕೇರಳವನ್ನು ಮೀರಿದೆ. ಆದರೂ ಲೋಕಕ್ಕೆ ಗೊತ್ತಿರುವ ಹೆಸರು ಮಲಬಾರಿನದೇ.

ಸಾಮೂದಿರಿಯ ಆಸ್ಥಾನದ ಆ ಉತ್ತರ ಅರ್ಧ ನಿಜವಾಯಿತು. ಬಳ್ಳಿ ಕಡಲು ದಾಟಿ ಬೇರೆಯ ಮಳೆಗೂ ಒಗ್ಗಿತು. ಇಂದು ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಪ್ರಮಾಣದ ಪಂದ್ಯ ಮುಗಿದಿದೆ. ಇನ್ನುಳಿದಿರುವುದು ಗುಣ, ಅದಕ್ಕೊಂದು ವಿಳಾಸ. ಊರಿನಿಂದ ಮೆಣಸಿನ ಪೊಟ್ಟಣ ಬಂದಾಗ ಅದು ಯಾವ ತೋಟದ್ದು, ಯಾವ ಬಳ್ಳಿಯದು ಎಂದು ನಾವಾದರೂ ಕೇಳಿ ತಿಳಿದು ಪೊಟ್ಟಣದ ಮೇಲೆ ಬರೆದಿಡೋಣ. ಬರ್ಗಂಡಿಯ ತಾಕುಗಳಿಗೂ ಹೆಸರು ಬಂದದ್ದು ಹೀಗೆ ಕೇಳಿ, ಸವಿದು, ಬರೆದಿಟ್ಟವರಿಂದಲೇ.