ಮುಚ್ಚಿಗೆಯ ಕೆಳಗೆ ಇನ್ನೊಂದು ಮುಚ್ಚಿಗೆ

ಹೋದ ಬೇಸಿಗೆಯಲ್ಲಿ ಸಾಗರದ ಹತ್ತಿರದ ದೊಡ್ಡಪ್ಪನ ಮನೆಗೆ ಹೋದಾಗ ನಡುಮನೆ ತುಂಬ ಧೂಳು. ಇಬ್ಬರು ಹುಡುಗರು ಏಣಿ ಹತ್ತಿ, ಹಳೇ ಮರದ ಮುಚ್ಚಿಗೆಯ ಕೆಳಗೆ ತಗಡಿನ ಚೌಕಟ್ಟು ಕಟ್ತಿದ್ರು. ನಾಲ್ಕಡಿಗೊಂದು ಪಟ್ಟಿ, ಅದಕ್ಕೆ ಅಡ್ಡವಾಗಿ ಒಂದೂವರೆ ಅಡಿಗೊಂದು ಪಟ್ಟಿ, ಅದರಡಿಗೆ ಜಿಪ್ಸಮ್ ಹಲಗೆ. ಯಾಕಪ್ಪಾ ಇದು ಅಂದ್ರೆ, "ಮೇಲಿಂದ ಮಣ್ಣು ಉದುರ್ತದೆ ಮಾರಾಯ" ಅಂದ್ರು ದೊಡ್ಡಪ್ಪ.

ಆ ಮಣ್ಣು ಅಲ್ಲಿಗೆ ಸುಮ್ಮನೆ ಬಂದದ್ದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಿಂದೆ ಹುಲ್ಲು, ಸೋಗೆಯ ಮಾಡೇ ಹೆಚ್ಚು. ಕಿಡಿ ಬಿದ್ರೆ ಮುಗೀತು. ಅದಕ್ಕೇ ಗೋಡೆಯಿಂದ ಗೋಡೆಗೆ ತೊಲೆ, ತೊಲೆ ಮೇಲೆ ಜಂತಿ, ಜಂತಿ ಮೇಲೆ ಹಲಗೆ. ಕೈ ಸಾಗದವರು ಅಡಿಕೆ ದಬ್ಬೆಯನ್ನೋ ಬಿದಿರನ್ನೋ ಹಾಸ್ತಿದ್ರು. ಅದರ ಮೇಲೆ ಕಲಸಿದ ಮಣ್ಣಿನ ದಪ್ಪ ಹೊದಿಕೆ. ಮಾಡು ಸುಟ್ಟರೂ ಕೆಳಗಿನ ಮನೆ ಉಳೀಲಿ ಅನ್ನೋ ಲೆಕ್ಕ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕ್ರಮೇಣ ಹೆಂಚು ಘಟ್ಟ ಹತ್ತಿತು, ಬೆಂಕಿಯ ಹೆದರಿಕೆ ಇಳೀತು. ಮುಚ್ಚಿಗೆ ಮಾತ್ರ ಉಳೀತು.

ದೊಡ್ಡಪ್ಪನ ಮನೆಯ ಮುಚ್ಚಿಗೆ ಮೊದಲು ಈ ಊರಲ್ಲಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗೋ ಹೊತ್ತಿಗೆ, ಅಜ್ಜ ಮನೆ ಬಿಚ್ಚಿ ಮರಮಟ್ಟನ್ನೆಲ್ಲ ಗಾಡಿಗೆ ಹೇರಿದ್ರಂತೆ. ಗೂಟ ಬಡಿದು ಕೂಡಿಸಿದ ಮರ. ಗೂಟ ಕಿತ್ತರೆ ಬಿಚ್ಕೊಳ್ತದೆ. ಯಾವುದು ಎಲ್ಲಿಗೆ ಅಂತ ಮರೀಬಾರದು ಅಂತ ಆಚಾರಿ ಪ್ರತಿ ತೊಲೆಗೂ ಉಳಿಯಿಂದ ಗೀಟು ಹಾಕಿದ್ದ. ಆ ಗೀಟುಗಳು ಈಗಲೂ ಇವೆ. ಅವನ್ನೇ ನಾವೀಗ ಮುಚ್ತಾ ಇದ್ದೀವಿ.

ಹಾಗಂತ ಜಿಪ್ಸಮ್ಮನ್ನು ಬೈಯೋದು ಸುಲಭ, ನ್ಯಾಯ ಅಲ್ಲ. 1894ರಲ್ಲಿ ಅಮೆರಿಕದ ಆಗಸ್ಟೀನ್ ಸ್ಯಾಕೆಟ್, ಕಾಗದದ ನಡುವೆ ಗಾರೆ ಇಟ್ಟು ಮಾಡಿದ ಹಲಗೆಗೆ ಪೇಟೆಂಟ್ ಪಡೆದ. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ನೀರೇ. ಬೆಂಕಿ ತಾಗಿದಾಗ ಆ ನೀರು ಆವಿಯಾಗ್ತಾ ಬಿಸಿಯನ್ನು ತಡೀತದೆ. ಅಂದ್ರೆ ನಮ್ಮಜ್ಜನ ಮಣ್ಣು ಮಾಡ್ತಿದ್ದ ಕೆಲಸವೇ! ಆದರೆ ನಮ್ಮೂರಿನ ವೈರಿ ಈಗ ಬೆಂಕಿಯಲ್ಲ. ಮಳೆ ಮತ್ತು ವರಲೆ. ನೆಂದ ಜಿಪ್ಸಮ್ ಹಲಗೆ ಮೆತ್ತಗಾಗ್ತದೆ. ತಗಡಿಗೆ ಸತುವಿನ ಲೇಪ ಇರೋದರಿಂದ ಬೇಗ ತುಕ್ಕು ಹಿಡಿಯೋಲ್ಲ, ಸರಿ. ಆದರೆ ಆ ತಗಡನ್ನೂ ಹಲಗೆಯನ್ನೂ ಹೊತ್ತಿರೋದು ಅದೇ ಹಳೇ ತೊಲೆ. ಅದಕ್ಕೆ ವರಲೆ ಹತ್ತಿದ್ರೆ ಮೊದಲು ತಲೆ ಎತ್ತಿದ ಕೂಡಲೇ ಕಾಣ್ತಿತ್ತು. ಇನ್ಮೇಲೆ ಎರಡೂ ಮುಚ್ಚಿಗೆ ಒಟ್ಟಿಗೇ ಬೀಳೋವರೆಗೂ ಗೊತ್ತಾಗೋಲ್ಲ.

ದೊಡ್ಡಪ್ಪನಿಗೆ ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಮೇಲೆ ನೋಡಿ, ಹುಡುಗರನ್ನು ಕರೆದು, ತೊಲೆಯ ಎರಡೂ ತುದಿಗೆ ಒಂದೊಂದು ಕಿಂಡಿಬಾಗಿಲು ಬಿಡ್ಸಿದ್ರು. ನೀವೂ ಮಾಡಿಸೋದಾದ್ರೆ ಅಷ್ಟು ಬಿಡ್ಸಿ. ಮಳೆಗಾಲ ಕಳೆದ ಮೇಲೆ ಒಂದ್ಸಲ ಟಾರ್ಚ್ ಹಾಕಿ ನೋಡಿ.