ಸದ್ದು ಮಾಡುವ ಫ್ರಿಜ್: ಮನೆಯಲ್ಲೇ ಪತ್ತೆ, ಮನೆಯಲ್ಲೇ ರಿಪೇರಿ

ಫ್ರಿಜ್ಜಿನ ಸದ್ದು ಜಾಸ್ತಿಯಾದರೆ ಕಂಪ್ರೆಸರ್ ಹೋಯಿತೆಂದೇ ಹೆದರುವವರು ಹೆಚ್ಚು. ಆದರೆ ಎಷ್ಟೋ ಸಲ ತೊಂದರೆ ಇರುವುದು ಓರೆಯಾಗಿ ನಿಂತ ಸ್ಟ್ಯಾಂಡಿನಲ್ಲಿ, ಸಡಿಲವಾದ ಟ್ರೇಯಲ್ಲಿ ಅಥವಾ ಗೋಡೆಗೆ ತಾಗಿದ ಪೈಪಿನಲ್ಲಿ. ಸದ್ದು ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂದು ಕಿವಿಗೊಟ್ಟು ಕೇಳಿದರೆ ಅರ್ಧ ರಿಪೇರಿ ಮುಗಿದ ಹಾಗೆ.

ಸದ್ದು ಹುಟ್ಟುವುದು ಎಲ್ಲಿ?

ಫ್ರಿಜ್ಜಿನ ಹಿಂಬದಿಯ ಕೆಳಭಾಗದಲ್ಲಿರುವ ಕಪ್ಪು ಉಕ್ಕಿನ ಡಬ್ಬಿಯೇ ಕಂಪ್ರೆಸರ್. ಅದರೊಳಗಿನ ಮೋಟಾರು ಗ್ಯಾಸನ್ನು ಒತ್ತಿ ಪೈಪುಗಳಿಗೆ ತಳ್ಳುತ್ತದೆ. ನಮ್ಮ ಮನೆಗಳಿಗೆ ಬರುವ ಕರೆಂಟು 50 ಹರ್ಟ್ಸ್‌ನದು. ಅದರಿಂದ ಮೋಟಾರಿನಲ್ಲಿ ಹುಟ್ಟುವ ಕಾಂತಬಲ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಗುಂಯ್ ಎನ್ನುವ ನಾದಕ್ಕೆ ಇದೂ ಒಂದು ಕಾರಣ. ಈ ಕಂಪನ ಹೊರಗಿನ ತಗಡಿಗೆ ಹರಡದಿರಲೆಂದೇ ಡಬ್ಬಿಯ ಪಾದಗಳಡಿ ರಬ್ಬರ್ ಬುಷ್ ಹಾಕಿರುತ್ತಾರೆ.

ಬರ್ಫ ಕಟ್ಟುವ ಸಿಂಗಲ್ ಡೋರ್ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ. ಫ್ರಾಸ್ಟ್ ಫ್ರೀ ಮಾದರಿಗಳಲ್ಲಿ ತಣ್ಣನೆ ಗಾಳಿಯನ್ನು ಹರಡಲು ಫ್ರೀಜರಿನ ಹಿಂದೆ ಒಂದು ಫ್ಯಾನ್ ಇರುತ್ತದೆ.

ಹೆದರಬೇಕಿಲ್ಲದ ಸದ್ದುಗಳು

ಗುಳುಗುಳು, ಬುಸ್ ಎನ್ನುವುದು ಸಪೂರ ಕೊಳವೆಯಿಂದ ಗ್ಯಾಸ್ ಹರಿಯುವ ಸದ್ದು. ಆಗೊಮ್ಮೆ ಈಗೊಮ್ಮೆ ಕೇಳುವ ಚಟ್ ಎಂಬ ಸದ್ದು ಒಳಗಿನ ಪ್ಲಾಸ್ಟಿಕ್ ಚಳಿಗೆ ಕುಗ್ಗಿ, ಬಿಸಿಗೆ ಹಿಗ್ಗುವುದರಿಂದ ಬರುತ್ತದೆ. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಬರ್ಫ ಕರಗಿಸುವ ಹೀಟರ್ ಮೇಲೆ ನೀರು ತೊಟ್ಟಿಕ್ಕಿದಾಗ ಚುರ್ ಎನ್ನುತ್ತದೆ. ಇನ್ವರ್ಟರ್ ಕಂಪ್ರೆಸರ್ ವೇಗ ಬದಲಿಸಿದಂತೆ ಅದರ ದನಿಯೂ ಬದಲಾಗುತ್ತದೆ.

ಮೊದಲು ನೋಡಬೇಕಾದ್ದು: ನೆಲ, ಗೋಡೆ, ಸ್ಟ್ಯಾಂಡ್

ಫ್ರಿಜ್ಜಿನ ಮೇಲಿರುವ ಡಬ್ಬಿ, ಪಾತ್ರೆಗಳನ್ನು ಇಳಿಸಿ. ಬಾಗಿಲಿನ ಬಾಟಲಿಗಳು ಒಂದಕ್ಕೊಂದು ತಾಗದಂತೆ ಜೋಡಿಸಿ. ಆಮೇಲೆ ಎರಡೂ ಕೈಯಿಂದ ಮೂಲೆಯಿಂದ ಮೂಲೆಗೆ ಮೆಲ್ಲಗೆ ಅಲುಗಾಡಿಸಿ. ತೂಗಾಡಿದರೆ ಒಂದು ಕಾಲು ನೆಲಕ್ಕೆ ಕೂತಿಲ್ಲ ಎಂದರ್ಥ. ಮುಂದಿನ ಕಾಲುಗಳನ್ನು ತಿರುಗಿಸಿ ಎತ್ತರ ಸರಿಮಾಡಿ. ಮಟ್ಟ ನೋಡಲು ಗಾರೆಯವರ ರಸಮಟ್ಟ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೇಲೊಂದು ತಟ್ಟೆಯಲ್ಲಿ ನೀರಿಟ್ಟು ನೋಡಿದರೂ ಸಾಕು. ಚಕ್ರವಿರುವ ಪ್ಲಾಸ್ಟಿಕ್ ಸ್ಟ್ಯಾಂಡಿನ ಸ್ಕ್ರೂ ಸಡಿಲವಾದರೆ ಸಣ್ಣ ಕಂಪನವೂ ಗಡಗಡ ಎನ್ನತೊಡಗುತ್ತದೆ. ಸ್ಕ್ರೂ ಬಿಗಿ ಮಾಡಿ, ಇಲ್ಲವೇ ಸ್ಟ್ಯಾಂಡ್ ತೆಗೆದು ನೋಡಿ. ಹಿಂಬದಿ ಗೋಡೆಗೆ ತಾಗದಂತೆ ಒಂದು ಗೇಣಿನಷ್ಟು ಜಾಗ ಬಿಡಿ.

ಹಿಂಬದಿಯ ಕೆಲಸ

ಪ್ಲಗ್ ಕಿತ್ತ ಮೇಲೆಯೇ ಹಿಂಬದಿಗೆ ಕೈಹಾಕಿ. ಕಂಪ್ರೆಸರ್ ಸುಡುವಷ್ಟು ಬಿಸಿಯಾಗಿರಬಹುದು, ಆರಲು ಬಿಡಿ. ಅದರ ಮೇಲೆ ಕರಗಿದ ನೀರು ಬೀಳುವ ಪ್ಲಾಸ್ಟಿಕ್ ಟ್ರೇ ಇರುತ್ತದೆ. ಹಿಡಿತ ತಪ್ಪಿದ ಟ್ರೇ ಕಂಪ್ರೆಸರ್ ಓಡುವಷ್ಟು ಹೊತ್ತೂ ಕಟಕಟ ಎನ್ನುತ್ತದೆ. ನೀರು ಚೆಲ್ಲಿ, ತೊಳೆದು, ಗಟ್ಟಿಯಾಗಿ ಕೂರಿಸಿ. ಒಂದಕ್ಕೊಂದು ತಾಗುವ ಪೈಪುಗಳಿದ್ದರೆ ಬಗ್ಗಿಸಲು ಹೋಗಬೇಡಿ, ನಡುವೆ ತೆಳು ರಬ್ಬರ್ ತುಂಡು ಇಡಿ. ಒಡೆದು ಗಟ್ಟಿಯಾದ ರಬ್ಬರ್ ಬುಷ್ ಬದಲಿಸಿದರೆ ಗುಂಯ್‌ಗುಡುವಿಕೆ ತಗ್ಗುತ್ತದೆ.

ಕಾಯಿಲ್ ಹೊರಗೇ ಕಾಣುವ ಫ್ರಿಜ್ಜಾದರೆ ಮೆತ್ತನೆ ಬ್ರಷ್‌ನಿಂದ ಧೂಳು ಉಜ್ಜಿ. ಧೂಳು ಕೂತರೆ ಶಾಖ ಹೊರಹೋಗದೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ, ಸದ್ದೂ ಅಷ್ಟೇ ಹೊತ್ತು ಕೇಳುತ್ತದೆ. ಬಾಗಿಲಿನ ಅಂಚಿನ ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ಸಡಿಲವಾದರೂ ಹೀಗೇ ಆಗುತ್ತದೆ. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಬಿಗಿ ಇಲ್ಲ.

ಫ್ರೀಜರಿನೊಳಗಿನ ಗರಗರ

ಫ್ರಾಸ್ಟ್ ಫ್ರೀ ಫ್ರಿಜ್ಜುಗಳಲ್ಲಿ ಬಾಗಿಲು ತೆರೆದಾಗ ಸಾಮಾನ್ಯವಾಗಿ ಫ್ಯಾನ್ ನಿಲ್ಲುತ್ತದೆ. ಸದ್ದೂ ಆಗಲೇ ನಿಂತರೆ ಅನುಮಾನ ಫ್ಯಾನಿನ ಮೇಲೆ. ಬಾಗಿಲಿನ ಪಕ್ಕದ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದು ಕಿವಿಗೊಡಿ. ಮತ್ತೆ ಗರಗರ ಎಂದರೆ ಅನುಮಾನ ಖಚಿತ.

ರೆಕ್ಕೆಗೆ ಬರ್ಫ ತಾಗುತ್ತಿದ್ದರೆ ಫ್ರಿಜ್ ಖಾಲಿ ಮಾಡಿ, ಪ್ಲಗ್ ಕಿತ್ತು, ಬಾಗಿಲು ತೆರೆದು ಇಡೀ ರಾತ್ರಿ ಬಿಡಿ. ಬರ್ಫ ಕೆರೆದು ತೆಗೆಯಲು ಚಾಕು ಬಳಸಬೇಡಿ, ಕೊಳವೆ ತೂತಾದರೆ ಗ್ಯಾಸೆಲ್ಲ ಹೋಗುತ್ತದೆ. ಕೆಲವೇ ವಾರಗಳಲ್ಲಿ ಬರ್ಫ ಮತ್ತೆ ಕಟ್ಟಿದರೆ ಹೀಟರ್, ಸೆನ್ಸರ್ ಅಥವಾ ಟೈಮರ್ ಕೆಟ್ಟಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಟಕ್ ಎಂದು ನಿಲ್ಲುವ ಕಂಪ್ರೆಸರ್

ಗುಂಯ್ ಎಂದು ಕೆಲ ಸೆಕೆಂಡು ಒದ್ದಾಡಿ, ಟಕ್ ಎಂದು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಶುರುವಾದರೆ ಕಂಪ್ರೆಸರ್ ಸ್ಟಾರ್ಟ್ ಆಗುತ್ತಿಲ್ಲ. ಓವರ್‌ಲೋಡ್ ಪ್ರೊಟೆಕ್ಟರ್ ಅದನ್ನು ಕಾಯುತ್ತಿದೆ. ವೋಲ್ಟೇಜ್ 230ರಿಂದ ತೀರ ಕೆಳಗಿಳಿದಾಗ ಹೀಗಾಗುವುದುಂಟು. ದೀಪವೂ ಮಂಕಾಗಿದ್ದರೆ ಫ್ರಿಜ್ ಆಫ್ ಮಾಡಿ ಕರೆಂಟು ಸರಿಯಾಗುವವರೆಗೆ ಕಾಯಿರಿ. ಆಫ್ ಮಾಡಿದ ಮೇಲೆ ಐದು ನಿಮಿಷ ಬಿಡದೆ ಆನ್ ಮಾಡಬೇಡಿ. ಪೈಪುಗಳಲ್ಲಿ ಗ್ಯಾಸಿನ ಒತ್ತಡ ಸಮವಾಗಲು ಅಷ್ಟು ಸಮಯ ಬೇಕು. ವೋಲ್ಟೇಜ್ ಸರಿಯಿದ್ದೂ ಟಕ್ ನಿಲ್ಲದಿದ್ದರೆ ಸ್ಟಾರ್ಟ್ ಮಾಡುವ ರಿಲೇ ಅಥವಾ ಕಂಪ್ರೆಸರ್ ಪರೀಕ್ಷಿಸಬೇಕು. ಸದ್ದು ಫ್ರಿಜ್ಜಿನದೋ ಸ್ಟೆಬಿಲೈಜರಿನದೋ ಎಂಬುದನ್ನೂ ನೋಡಿ, ಅದರೊಳಗಿನ ರಿಲೇಯೂ ಟಕ್ ಎನ್ನುತ್ತದೆ.

ಕೈಹಾಕಬಾರದ ಕಡೆ

ಗ್ಯಾಸ್ ಪೈಪು, ಕಂಪ್ರೆಸರ್ ಡಬ್ಬಿ, ಇನ್ವರ್ಟರ್ ಬೋರ್ಡ್ ಇವು ಮೂರೂ ಮನೆಯ ರಿಪೇರಿಗೆ ಸೇರಿದವಲ್ಲ. ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿರುವ ಆರ್-600ಎ ಗ್ಯಾಸ್ ಐಸೋಬ್ಯೂಟೇನ್, ಅದಕ್ಕೆ ಬೆಂಕಿ ಹತ್ತುತ್ತದೆ. ಯಾವ ಗ್ಯಾಸ್ ಎಂದು ಫ್ರಿಜ್ಜಿನ ಲೇಬಲ್ಲಿನಲ್ಲಿ ಬರೆದಿರುತ್ತದೆ. ಕಂಪ್ರೆಸರ್ ಒಳಗಿಂದಲೇ ಲೋಹ ಬಡಿದಂತೆ ಸದ್ದು ಬಂದರೆ ಮೆಕ್ಯಾನಿಕ್‌ಗೆ ಹೇಳಿ. ಕರೆಯುವ ಮುಂಚೆ ಫೋನಿನಲ್ಲಿ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬಂದವರ ಎದುರಿಗೆ ಫ್ರಿಜ್ ಸುಮ್ಮನಿದ್ದರೂ ಅದು ನೆರವಿಗೆ ಬರುತ್ತದೆ, ಬೇಡದ ಭಾಗ ಬದಲಿಸುವ ಖರ್ಚೂ ತಪ್ಪಬಹುದು.