ಗಾಳಿ ಕಲ್ಲಾದ ಕಥೆ

ಗ್ರಹವೊಂದು ಜೀವಕ್ಕೆ ನೆಲೆಯಾಗಲು ಏನು ಬೇಕೆಂದು ಕೇಳಿದರೆ ನೀರು, ವಾಯುಮಂಡಲ, ಸೂರ್ಯನಿಂದ ಹದವಾದ ದೂರ ಎಂದು ಹೇಳುವುದು ವಾಡಿಕೆ. ಈ ಸಾಲಿಗೆ ಸುಣ್ಣವನ್ನೂ ಸೇರಿಸಬೇಕೆಂಬುದು ನನ್ನ ಅರಿಕೆ.

ಕುಮಟೆಯ ಬಳಿಯ ಅಘನಾಶಿನಿ ಅಳಿವೆಯಲ್ಲಿ ಕಪ್ಪೆಚಿಪ್ಪು ಹೇರಳ. ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದು ನಮ್ಮ ಕರಾವಳಿಯ ಹಳೆಯ ಕಸುಬು. ನೂರು ಕಿಲೋ ಶುದ್ಧ ಚಿಪ್ಪು ಗೂಡಿನಲ್ಲಿ ಬೆಂದರೆ 56 ಕಿಲೋ ಸುಣ್ಣ ಉಳಿಯುತ್ತದೆ. ಮಿಕ್ಕ 44 ಕಿಲೋ ಕಣ್ಣಿಗೆ ಕಾಣದೆ ಗಾಳಿಗೆ ಸೇರುತ್ತದೆ. ಸುಣ್ಣಕಲ್ಲಿನೊಳಗೆ ಹೀಗೊಂದು ಅನಿಲ ಸೆರೆಯಾಗಿರುವುದನ್ನು 1750ರ ದಶಕದಲ್ಲಿ ತೂಗಿ ತೋರಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ನಾವಿಂದು ಅದನ್ನು ಇಂಗಾಲದ ಡೈಆಕ್ಸೈಡ್ ಎನ್ನುತ್ತೇವೆ.

ಬ್ಲ್ಯಾಕ್ ಬೋಧಿಸುತ್ತಿದ್ದ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲೇ ವೈದ್ಯಶಾಸ್ತ್ರ ಕಲಿತ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಮಲಬಾರಿನಿಂದ ಉತ್ತರಕ್ಕೆ ಪಯಣಿಸಿ ಭಟ್ಕಳ, ಹೊನ್ನಾವರಗಳನ್ನು ಕಂಡನು. ಮಲಬಾರಿನಲ್ಲಿ ಕಂಡ ಕೆಂಪು ಕಲ್ಲಿಗೆ, ಅದನ್ನು ಇಟ್ಟಿಗೆಯಂತೆ ಕಡಿಯಬಹುದಾದ್ದರಿಂದ, ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಅವನೇ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮ ಚಿರೆಕಲ್ಲೂ ಅದೇ. ಮಳೆ ಉಂಡು ಬಿಟ್ಟ ಎಂಜಲು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಮಂದ ಆಮ್ಲವಾಗಿ ಬಂಡೆಯ ಕ್ಯಾಲ್ಸಿಯಮ್ಮನ್ನು ಹೊರತೆಗೆಯುತ್ತದೆ. ಕಬ್ಬಿಣ, ಅಲ್ಯೂಮಿನಿಯಂಗಳು ಹಿಂದುಳಿಯುತ್ತವೆ. ಕರಗಿದ್ದನ್ನು ಶರಾವತಿ ಹೊನ್ನಾವರದ ಕಡಲಿಗೆ ಒಯ್ಯುತ್ತದೆ. ಅಲ್ಲಿ ಅದು ಚಿಪ್ಪಾಗಿ, ಕಾಲಾಂತರದಲ್ಲಿ ಸುಣ್ಣಕಲ್ಲಾಗುತ್ತದೆ. ಫ್ರಾನ್ಸಿನ ಎಬೆಲ್ಮೆನ್ 1845ರಲ್ಲೇ ಈ ವ್ಯವಹಾರವನ್ನು ಬಿಡಿಸಿಟ್ಟಿದ್ದನು. ಲೋಕ ಅವನನ್ನು ಮರೆಯಿತು.

ಕುಮಟಾ ತಾಲ್ಲೂಕಿನ ಯಾಣದಲ್ಲಿ 120 ಮೀಟರು ಎತ್ತರದ ಭೈರವೇಶ್ವರ ಶಿಖರ ನಿಂತಿದೆ. ಆ ಕರಿಯ ಗೋಪುರವೂ ಸುಣ್ಣಕಲ್ಲೇ. ಭಸ್ಮಾಸುರ ಉರಿದುಹೋದದ್ದು ಅಲ್ಲಿಯೇ ಎಂದು ಐತಿಹ್ಯ. ಐತಿಹ್ಯವನ್ನು ವಿಜ್ಞಾನಕ್ಕೆ ಹೊಂದಿಸುವ ಚಪಲ ನನಗಿಲ್ಲ. ಆದರೆ ಸುಡಬಲ್ಲ ಶಕ್ತಿಯೊಂದು ಆ ಕಲ್ಲಿನಲ್ಲಿ ಸೆರೆಯಾಗಿರುವುದು ನಿಜ. ಭೂಮಿಯ ಸುಣ್ಣಕಲ್ಲೆಲ್ಲ ತನ್ನ ಅನಿಲವನ್ನು ಬಿಟ್ಟುಕೊಟ್ಟರೆ ನಮ್ಮ ವಾಯುಮಂಡಲ ಹೆಚ್ಚುಕಡಿಮೆ ಶುಕ್ರನದರಂತಾದೀತೆಂದು ಅಂದಾಜು. ಸೂರ್ಯನಿಗೆ ಸಮೀಪವಾಗಿ ನೀರನ್ನು ಕಳೆದುಕೊಂಡ ಶುಕ್ರನಲ್ಲಿ ಗಾಳಿ ಕಲ್ಲಾಗಲಿಲ್ಲ. ಅಲ್ಲಿಯ ನೆಲದ ಉಷ್ಣತೆ ಸುಮಾರು 460 ಡಿಗ್ರಿ ಸೆಲ್ಸಿಯಸ್, ಗಾಳಿಯ ಒತ್ತಡ ನಮ್ಮದರ 90 ಪಟ್ಟು.

ಹಾಗೆಂದು ಎಲ್ಲವೂ ಕಲ್ಲಾಗಿಬಿಟ್ಟರೆ ಭೂಮಿ ಹೆಪ್ಪುಗಟ್ಟೀತು. ಜ್ವಾಲಾಮುಖಿಗಳು ಸೆರೆಯಾದದ್ದನ್ನು ಮರಳಿ ಕೊಡುತ್ತವೆ. ಸೆಕೆ ಏರಿದರೆ ಮಳೆ ಹೆಚ್ಚಿ ಬಂಡೆ ಬೇಗ ಸವೆಯುತ್ತದೆ, ಅನಿಲ ಇಳಿಯುತ್ತದೆ. ತಂಪಾದರೆ ಸವೆತ ತಗ್ಗಿ ಅನಿಲ ಮತ್ತೆ ಕೂಡುತ್ತದೆ. ಈ ತಕ್ಕಡಿಯನ್ನು ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು 1981ರಲ್ಲಿ ಲೆಕ್ಕವಿಟ್ಟು ವಿವರಿಸಿದರು.

ತಕ್ಕಡಿ ಒಮ್ಮೆ ಅಲುಗಿದರೆ ಸಮಕ್ಕೆ ಬರಲು ಲಕ್ಷಾಂತರ ವರ್ಷ ಬೇಕು. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದ ನಾವು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 280ರಷ್ಟಿದ್ದ ಈ ಅನಿಲವನ್ನು ಎರಡೂವರೆ ಶತಮಾನದೊಳಗೆ 420ರ ಆಚೆಗೆ ಒಯ್ದಿದ್ದೇವೆ. ಭಟ್ಕಳದ ಗುಡ್ಡಗಳ ಮೇಲೆ ಆಷಾಢದ ಮಳೆ ತನ್ನ ಹಳೆಯ ವೇಗದಲ್ಲೇ ಕಲ್ಲು ಕೊರೆಯುತ್ತಿದೆ.